ಗೋಡೆ ಒಡೆಸುವ ಮುನ್ನ ಮೇಲೆ ಹತ್ತಿ ನೋಡಿ

ಹಾಲ್ ಮತ್ತು ಡೈನಿಂಗ್ ನಡುವಿನ ಗೋಡೆ ತೆಗೆಸಬೇಕು ಎಂದು ಫೋನ್ ಮಾಡುವವರಲ್ಲಿ ಬಹಳ ಮಂದಿ ಕೊನೆಗೊಂದು ಮಾತು ಸೇರಿಸುತ್ತಾರೆ: "ಮೇಸ್ತ್ರಿ ತಟ್ಟಿ ನೋಡಿದ್ರು ಸಾರ್, ಬರೀ ಪಾರ್ಟಿಷನ್ ಅಂತೆ." ತಟ್ಟಿದರೆ ತಿಳಿಯುವುದು ಪ್ಲಾಸ್ಟರ್ ಇಟ್ಟಿಗೆಯಿಂದ ಬಿಟ್ಟಿದೆಯೋ ಇಲ್ಲವೋ ಎಂಬುದಷ್ಟೇ. ಗೋಡೆಯ ತಲೆಯ ಮೇಲೆ ಏನು ಕೂತಿದೆ ಎಂಬುದನ್ನು ಸುತ್ತಿಗೆ ಹೇಳುವುದಿಲ್ಲ.

ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳ 30×40 ಸೈಟಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 1980ರ ದಶಕದ ಆಸುಪಾಸಿನಲ್ಲಿ ಎದ್ದ ಇಂಥ ಮನೆಗಳಲ್ಲಿ ಬಹಳಷ್ಟು ಲೋಡ್ ಬೇರಿಂಗ್, ಅಂದರೆ ಗೋಡೆಗಳೇ ಭಾರ ಹೊರುವಂಥವು. ಪಿಲ್ಲರ್ ಇರುವುದಿಲ್ಲ, ಸೈಜುಗಲ್ಲಿನ ಪಾಯ, ಅದರ ಮೇಲೆ 9 ಇಂಚಿನ ಇಟ್ಟಿಗೆ ಗೋಡೆ, ಗೋಡೆಯ ಮೇಲೆ ನೇರವಾಗಿ ಮೋಲ್ಡ್ (ಕಾಂಕ್ರೀಟ್ ಚಾವಣಿ). ಈಚಿನವು ಪಿಲ್ಲರ್ ಮನೆಗಳು. ಅಲ್ಲಿ ಮೋಲ್ಡಿನ ಭಾರ ಬೀಮಿಗೆ, ಬೀಮಿನಿಂದ ಪಿಲ್ಲರಿಗೆ ಇಳಿಯುತ್ತದೆ, ಗೋಡೆ ಮರೆಗಷ್ಟೇ. ಇವೆರಡರ ನಡುವೆ ಒಂದು ಬೆರಕೆ ಜಾತಿಯಿದೆ, ನನಗೆ ಹೆಚ್ಚು ಭಯ ಅದರದ್ದೇ. ಮುಂದೆ ಪೋರ್ಟಿಕೋಗೆ ಎರಡು ಪಿಲ್ಲರ್, ಹಾಲಿನಲ್ಲೊಂದು ಬೀಮ್, ಮಿಕ್ಕಿದ್ದೆಲ್ಲ ಗೋಡೆಯ ಮೇಲೆ. ಮಾಲೀಕರು ಪೋರ್ಟಿಕೋ ಕಡೆ ಕೈ ತೋರಿಸಿ "ನಮ್ಮದು ಪಿಲ್ಲರ್ ಮನೆ" ಅನ್ನುತ್ತಾರೆ. ನೀವು ತೆಗೆಸಬೇಕೆಂದಿರುವ ಗೋಡೆಯ ನೆತ್ತಿಯಲ್ಲೇ ಬೀಮ್ ಇದೆಯೇ, ಆ ಬೀಮಿನ ಎರಡೂ ತುದಿಗೆ ಆಸರೆ ಯಾವುದು ಎಂಬುದು ಕಣ್ಣಿಗೆ ಕಾಣಬೇಕು. ನಾಲ್ಕೂವರೆ ಇಂಚಿನ ಗೋಡೆಯ ಮೇಲೆ 9 ಇಂಚಿನ ಬೀಮ್ ಇದ್ದರೆ ಒಂದು ಬದಿಗಾದರೂ ಅದರ ಅಂಚು ಮುಂದೆ ಬಂದಿರುತ್ತದೆ. ಫಾಲ್ಸ್ ಸೀಲಿಂಗ್ ಮಾಡಿಸಿದ್ದರೆ ಒಂದು ಲೈಟ್ ಬಿಚ್ಚಿಸಿ, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಬಹುದು.

ದಪ್ಪ ನೋಡಿ ತೀರ್ಮಾನಿಸುವುದು ಅರ್ಧ ಮಾತ್ರ ಸರಿ. ಇಟ್ಟಿಗೆ ಗೋಡೆ 9 ಇಂಚಿದ್ದರೆ ಅದು ಭಾರ ಹೊತ್ತಿದೆ ಎಂದೇ ಹಿಡಿದು ಮುಂದುವರಿಯಿರಿ. ನಾಲ್ಕೂವರೆ ಇಂಚಿದೆ, ಹಾಗಾಗಿ ಹೊತ್ತಿಲ್ಲ ಎನ್ನುವಂತಿಲ್ಲ. ಮೆಟ್ಟಿಲಿನ ಲ್ಯಾಂಡಿಂಗ್ ಅಥವಾ ಅಟ್ಟದ ಸ್ಲ್ಯಾಬ್ ಅದರ ಮೇಲೇ ಕೂತಿರಬಹುದು. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆಯಂತೂ ಎರಡೂ ಥರದ ಮನೆಗಳಲ್ಲಿ ಸಿಗುತ್ತದೆ. ಇದರ ಜೊತೆಗೆ, ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ಕೆಳಗೆ ಬಿಗಿಯಾಗಿ ಕಟ್ಟಿದ ಪಾರ್ಟಿಷನ್ ಇದ್ದರೆ ಮೋಲ್ಡ್ ಬಂದು ಅದರ ಮೇಲೆ ಒರಗುತ್ತದೆ. ಡ್ರಾಯಿಂಗಿನಲ್ಲಿಲ್ಲದ ಭಾರ ಗೋಡೆಗೆ ಬರುವುದು ಹೀಗೆ.

ಆದ್ದರಿಂದ ನಾನು ಗೋಡೆಗಿಂತ ಮೊದಲು ಮೇಲಿನ ಮನೆ ನೋಡುತ್ತೇನೆ. ಬಾಡಿಗೆಗೆಂದು ಆಮೇಲೆ ಕಟ್ಟಿದ ಮೊದಲ ಮಹಡಿಯ ಪ್ಲಾನ್ ಕೆಳಗಿನಂತೆಯೇ ಇರಬೇಕೆಂದೇನಿಲ್ಲ. ಹೊರಗೋಡೆಯಿಂದ ಟೇಪ್ ಹಿಡಿದು ಅಳೆಯಿರಿ, ಕೆಳಗಿನ ಗೋಡೆಯ ಸಾಲಿನಲ್ಲೇ ಮೇಲೂ ಗೋಡೆಯಿದೆಯೇ? ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಕಟ್ಟೆ ಯಾವುದರ ನೆತ್ತಿಯಲ್ಲಿದೆ? ಸಾವಿರ ಲೀಟರ್ ನೀರೆಂದರೆ ಒಂದು ಟನ್.

ಇನ್ನು ಮೋಲ್ಡ್ ಯಾವ ಕಡೆಗೆ ಒರಗಿದೆ ಎಂಬುದು. ಕೋಣೆಯ ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಮುಖ್ಯ ಕಂಬಿಗಳು ಅಗಲಕ್ಕೆ ಓಡುತ್ತವೆ, ಭಾರ ಉದ್ದದ ಎರಡು ಗೋಡೆಗಳಿಗೆ ಹೋಗುತ್ತದೆ. ಚೌಕಕ್ಕೆ ಹತ್ತಿರವಿದ್ದರೆ ನಾಲ್ಕೂ ಗೋಡೆ ಹಂಚಿಕೊಳ್ಳುತ್ತವೆ. ಭಾರ ಎದುರುಬದುರಿನ ಎರಡೇ ಗೋಡೆಗಳಿಗೆ ಹೋಗುತ್ತದೆ ಎಂದು ಹಿಡಿದು ಲೆಕ್ಕ ಹಾಕಿ ನೋಡೋಣ. 5 ಇಂಚಿನ ಮೋಲ್ಡ್ ಚದರ ಅಡಿಗೆ ಸುಮಾರು 29 ಕೆಜಿ, ಅದರ ಮೇಲಿನ ನೆಲಹಾಸು 9 ಕೆಜಿ, ವಾಸದ ಮನೆಯ ಜನ-ಸಾಮಾನಿಗೆಂದು ಭಾರತೀಯ ಮಾನಕ ಐಎಸ್ 875 ಹಿಡಿಯಲು ಹೇಳುವುದು 19 ಕೆಜಿ. ಒಟ್ಟು 57. ಗೋಡೆಯ ಆಚೆ ಈಚೆ ತಲಾ 10 ಅಡಿ ಅಗಲದ ಜಾಗ, ಗೋಡೆ 12 ಅಡಿ ಉದ್ದ ಎಂದುಕೊಳ್ಳಿ. ಎರಡೂ ಕಡೆಯ ಅರ್ಧರ್ಧ ಸೇರಿ 120 ಚದರ ಅಡಿ, ಅಂದರೆ ಏಳು ಟನ್ನಿಗೆ ಹತ್ತಿರ. ಅದೇ ಸಾಲಿನಲ್ಲಿ ಮಹಡಿಯಲ್ಲೂ 9 ಇಂಚಿನ ಗೋಡೆಯಿದ್ದರೆ ಅದರದ್ದೇ ಐದು ಟನ್, ಅದು ಹೊತ್ತ ತಾರಸಿಯದು ಇನ್ನೊಂದು ಆರು. ಮಾಡ್ಯುಲರ್ ಕಿಚನ್ ಕ್ಯಾಟಲಾಗ್ ಹಿಡಿದು ನೀವು ಒಡೆಸಲು ಹೊರಟ ಆ ಗೋಡೆಯ ತಲೆಯ ಮೇಲೆ ಒಟ್ಟು ಹದಿನೆಂಟು ಟನ್.

ಅದನ್ನು ತೆಗೆದರೆ ಮೋಲ್ಡಿಗೆ ಏನಾಗುತ್ತದೆ? ಎರಡು ಕೋಣೆಗೂ ಸೇರಿಸಿ ಒಂದೇ ಮೋಲ್ಡ್ ಹಾಕಿದಾಗ ನಡುಗೋಡೆಯ ನೆತ್ತಿಯಲ್ಲಿ ಎಳೆತ ಬರುವುದು ಮೋಲ್ಡಿನ ಮೇಲ್ಭಾಗಕ್ಕೆ. ಅದಕ್ಕೇ ಅಲ್ಲಿ ಕಂಬಿಯನ್ನು ಕ್ರ್ಯಾಂಕ್ ಮಾಡಿ ಮೇಲಕ್ಕೆ ಎತ್ತಿರುತ್ತಾರೆ. ಗೋಡೆ ಹೋದರೆ ಅದೇ ಜಾಗ 20 ಅಡಿಯ ನಟ್ಟನಡುವಾಗುತ್ತದೆ, ಎಳೆತ ತಳಭಾಗಕ್ಕೆ ಬರುತ್ತದೆ. ತಳದ ಕಂಬಿ ತಡೆಯಬೇಕಾದ ಬಾಗುವ ಬಲ ಮೊದಲಿಗಿಂತ ಸುಮಾರು ಏಳು ಪಟ್ಟು. ಕಂಬಿ ಬೇಕಾದ ಕಡೆ ಇಲ್ಲ, ಇರುವಷ್ಟು ಸಾಲದು. "ಪಕ್ಕದ ಮನೆಯವರು ತೆಗೆಸಿದ್ರು, ಏನೂ ಆಗಲಿಲ್ಲ" ಎಂಬ ಮಾತಿಗೆ ನನ್ನ ಉತ್ತರ: ಅವರದ್ದು ಪಾರ್ಟಿಷನ್ ಆಗಿದ್ದಿರಬಹುದು, ಅಥವಾ ಇನ್ನೂ ಆಗಿಲ್ಲದಿರಬಹುದು.

ಇಷ್ಟು ನೋಡಿಯೂ ಅನುಮಾನ ಉಳಿದರೆ ಗೋಡೆಯನ್ನೇ ಬಿಡಿಸಿ ನೋಡಬೇಕು. ಚಾವಣಿಗೆ ತಾಗುವಲ್ಲಿ, ಗೋಡೆಯ ಮಧ್ಯಭಾಗದಲ್ಲಿ, ಒಂದು ಗೇಣಿನಷ್ಟು ಪ್ಲಾಸ್ಟರನ್ನು ಚಾಣದಿಂದ ಮೆಲ್ಲಗೆ ತೆಗೆಸಿ. ಲೋಡ್ ಬೇರಿಂಗ್ ಆಗಿದ್ದರೆ ಕಾಂಕ್ರೀಟನ್ನು ಇಟ್ಟಿಗೆಯ ಮೇಲೇ ಸುರಿದಿರುತ್ತಾರೆ. ಸಿಮೆಂಟಿನ ಹಾಲು ಇಟ್ಟಿಗೆಯ ಸಂದಿಗೆ ಇಳಿದು ಕಚ್ಚಿಕೊಂಡಿರುತ್ತದೆ, ಸೆಂಟ್ರಿಂಗ್ ಹಲಗೆಯ ಅಚ್ಚು ಗೋಡೆಯ ಅಂಚಿಗೇ ನಿಂತಿರುತ್ತದೆ. ಮೋಲ್ಡ್ ಆದ ಮೇಲೆ ಕಟ್ಟಿದ ಗೋಡೆಯಾದರೆ ಕೊನೆಯ ವರಸೆಯಲ್ಲಿ ಇಟ್ಟಿಗೆ ಚೂರು ತುರುಕಿ ಗಾರೆ ಮೆತ್ತಿರುತ್ತಾರೆ. ಆ ಗಾರೆ ಕೆರೆದರೆ ಮೋಲ್ಡಿನ ತಳ ಹಲಗೆಯ ಅಚ್ಚಿನ ಸಮೇತ ಗೋಡೆಯ ನೆತ್ತಿಯ ಮೇಲೂ ಮುಂದುವರಿದಿರುವುದು ಕಾಣುತ್ತದೆ. ನಾನು ನೋಡಿದ ಗುರುತುಗಳಲ್ಲಿ ಇದಕ್ಕಿಂತ ನಂಬಿಕಸ್ತ ಇನ್ನೊಂದಿಲ್ಲ, ಮೇಲೆ ಹೇಳಿದ, ಮೋಲ್ಡ್ ಬಂದು ಒರಗಿದ ಪಾರ್ಟಿಷನ್ನಿನ ಪ್ರಶ್ನೆಯನ್ನು ಮಾತ್ರ ಇದು ಬಗೆಹರಿಸುವುದಿಲ್ಲ. ಹೊರಗೋಡೆಗೆ ಸೇರುವ ಮೂಲೆಯಲ್ಲೂ ಒಂದಿಷ್ಟು ಬಿಡಿಸಿ. ಒಂದು ವರಸೆ ಬಿಟ್ಟು ಒಂದು ವರಸೆ ಇಟ್ಟಿಗೆ ಹೊರಗೋಡೆಯೊಳಕ್ಕೆ ಕಚ್ಚಿದ್ದರೆ ಎರಡನ್ನೂ ಒಟ್ಟಿಗೇ ಎಬ್ಬಿಸಿದ್ದಾರೆ. ಬರೀ ಆನಿಕೊಂಡಿದ್ದರೆ ಆಮೇಲೆ ಬಂದದ್ದು. ನೆಲಮಹಡಿಯಾದರೆ ಗೋಡೆ ಪಕ್ಕದ ಒಂದು ಟೈಲ್ ಕಿತ್ತು ಅಗೆಸಿ. ಕೆಳಗೆ ಸೈಜುಗಲ್ಲಿನ ಪಾಯ ಸಿಕ್ಕಿದರೆ ಅದನ್ನು ಯಾರೂ ಸುಮ್ಮನೆ ಹಾಕಿಸಿರುವುದಿಲ್ಲ.

ಚಪ್ಪಡಿ ಕಲ್ಲಿನ ಮಾಳಿಗೆ, ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ-ಗಾರೆಯ ಚಾವಣಿ) ಇರುವ ಮನೆಗಳಲ್ಲಿ ಉತ್ತರ ಸುಲಭ. ಚಪ್ಪಡಿ ಅಥವಾ ತೊಲೆಯ ತುದಿ ಯಾವ ಗೋಡೆಯ ಮೇಲಿದೆಯೋ ಆ ಗೋಡೆಯನ್ನು ಮುಟ್ಟಬೇಡಿ. ಕರಾವಳಿಯ ಮುರಕಲ್ಲಿನ ಹೆಂಚಿನ ಮನೆಯಲ್ಲಿ ಪಕಾಸುಗಳನ್ನು ಹೊತ್ತ ತೊಲೆ ಎಲ್ಲಿ ಕೂತಿದೆ ಎಂದು ಅಟ್ಟ ಹತ್ತಿ ನೋಡಿದರಾಯಿತು. ಈಚಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳಿರುತ್ತವೆ, ಮೈವಾನ್ ಎಂದು ಕರೆಯುವುದು ಅವನ್ನೇ. ಅಲ್ಲಿ ಗೋಡೆಗಳೇ ಪಿಲ್ಲರು. ಏಸಿ ಪೈಪಿಗೆ ಹೊಸ ತೂತು ಕೊರೆಸುವುದಿದ್ದರೂ ಸೊಸೈಟಿಯಿಂದ ಸ್ಟ್ರಕ್ಚರಲ್ ಡ್ರಾಯಿಂಗ್ ತರಿಸಿಕೊಳ್ಳಿ.

ಗೋಡೆ ಭಾರ ಹೊತ್ತಿದೆ ಎಂದು ಖಚಿತವಾದ ಮೇಲೂ ತೆಗೆಯಲೇಬೇಕೆಂದರೆ ದಾರಿಯಿದೆ, ಅಗ್ಗದ್ದಲ್ಲ. ಕಬ್ಬಿಣದ ಗರ್ಡರ್ ಕೂರಿಸಿದರೆ ಆ ಹದಿನೆಂಟು ಟನ್ ಎರಡು ತುದಿಗೆ ಒಂಬತ್ತೊಂಬತ್ತಾಗಿ ಬಂದು ನಿಲ್ಲುತ್ತದೆ. ಹಳೆಯ ಇಟ್ಟಿಗೆ ಗೋಡೆಯ ಒಂದಡಿ ಜಾಗಕ್ಕೆ ಅದು ಮಿತಿ ಮೀರಿದ ಭಾರ. ತುದಿಗಳ ಕೆಳಗೆ ಕಾಂಕ್ರೀಟ್ ದಿಂಬು ಬೇಕು, ಕೆಲವೊಮ್ಮೆ ಹೊಸ ಪಿಲ್ಲರನ್ನೇ ಪಾಯದಿಂದ ಎಬ್ಬಿಸಬೇಕಾಗುತ್ತದೆ. ನನ್ನನ್ನು ಕೇಳಿದರೆ ಎರಡೂ ಬದಿಗೆ ಗೋಡೆ ಉಳಿಸಿ, ನಾಲ್ಕೈದು ಅಡಿ ಅಗಲದ ಕಿಂಡಿ ಮಾಡಿ ಲಿಂಟಲ್ ಕೊಟ್ಟರೆ ಸಾಕು ಎನ್ನುತ್ತೇನೆ. ಅದಕ್ಕೂ ಎಂಜಿನಿಯರರ ಲೆಕ್ಕ ಬೇಕು. ಎರಡರಲ್ಲಿ ಯಾವುದೇ ಆದರೂ ಮೊದಲ ಏಟಿಗೆ ಮುಂಚೆ ಗೋಡೆಯ ಎರಡೂ ಬದಿ ಮೋಲ್ಡಿಗೆ ಜಾಕಿ (ತಾತ್ಕಾಲಿಕ ಆಸರೆಯ ಕಬ್ಬಿಣದ ಕಂಬ) ಕೊಡಿಸಿ, ಜಾಕಿಯ ಅಡಿಗೆ ಹಲಗೆ ಹಾಕಿಸಿ. ಮೇಲೆ ಗೋಡೆಯಿದ್ದರೆ ಅದನ್ನು ಹಿಡಿಯುವ ಏರ್ಪಾಟು ಬೇರೆಯೇ ಆಗಬೇಕು. ಗರ್ಡರಿಗೂ ಮೋಲ್ಡಿಗೂ ನಡುವಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿಸಿ, ಅದು ಪೂರ್ತಿ ಗಟ್ಟಿಯಾಗುವ ತನಕ ಜಾಕಿ ಕದಲಿಸಬಾರದು. ಆಮೇಲೆ ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋಗಬೇಕು. ಚಾವಣಿಯಲ್ಲಿ ಹೊಸ ಬಿರುಕು ಕಂಡರೆ ಸಡಿಲಿಸಿದ್ದನ್ನು ಮತ್ತೆ ಬಿಗಿ ಮಾಡಿಸಿ, ಲೆಕ್ಕ ಮಾಡಿಕೊಟ್ಟವರನ್ನು ಕರೆಸಿ.