ಪ್ರಾಸಕ್ಕೂ ಮುಂಚಿನ ಅರೆಕ್ಷಣ

ಮೂರು ವರ್ಷದ ಮಗುವಿಗೆ ಈ ಎರಡು ಸಾಲು ಓದಿ ಹೇಳಿ. ಕೊನೆಯ ಪದ ಮಾತ್ರ ಬಾಯಲ್ಲೇ ತಡೆದಿಡಿ.

ಕೊರಳಲಿ ಕಟ್ಟಿದೆ ಕಿಣಿಕಿಣಿ ಗಂಟೆ
ಬೆನ್ನಲಿ ಗುಡ್ಡವ ಹೊತ್ತಿದೆ...

ಒಂಟೆಯನ್ನು ಚಿತ್ರದಲ್ಲಾದರೂ ಕಂಡಿರುವ ಮಗು ಉತ್ತರಕ್ಕೆ ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಅಷ್ಟರಲ್ಲೇ ಅದು ಎರಡು ಸುಳಿವುಗಳನ್ನು ಜೋಡಿಸಿರುತ್ತದೆ. ಬೆನ್ನ ಮೇಲೆ ಗುಡ್ಡ ಎಂಬ ಅರ್ಥದ ಸುಳಿವು ಒಂದೇ ಇದ್ದಿದ್ದರೆ ಆಮೆ ಎನ್ನಬಹುದಿತ್ತು, ಗೂಳಿ ಎಂದರೂ ತಪ್ಪಿರಲಿಲ್ಲ. ‘ಗಂಟೆ’ಯ ಸದ್ದು ಕಿವಿಯಲ್ಲಿ ಉಳಿದಿರುವುದರಿಂದ ಆಮೆ, ಗೂಳಿ ಎರಡೂ ತಾವಾಗಿಯೇ ಹೊರಬೀಳುತ್ತವೆ.

ಪ್ರಾಸದ ಚಿತ್ರಪುಸ್ತಕ ಕೆಲಸ ಮಾಡುವುದು ಈ ಊಹೆಯಲ್ಲಿ. ಕರ್ಸ್ಟನ್ ರೀಡ್ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಚ್ಚುಕಟ್ಟಾಗಿ ತೋರಿಸಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕಾಲ್ಪನಿಕ ಭೂತಗಳ ಬಗ್ಗೆ ಪ್ರಾಸದ ಪದ್ಯಗಳನ್ನು ಓದಿದರು. ಭೂತಗಳ ಹೆಸರುಗಳೆಲ್ಲ ಹೊಸದಾಗಿ ಕಟ್ಟಿದವು. ಒಂದು ಬಗೆಯಲ್ಲಿ ಹೆಸರು ಪ್ರಾಸವಿಲ್ಲದ ಜಾಗದಲ್ಲಿ ಬಂತು, ಇನ್ನೊಂದರಲ್ಲಿ ಮೊದಲ ಸಾಲಿನ ಪ್ರಾಸಪದವಾಗಿ ಬಂತು. ಮೂರನೆಯದರಲ್ಲಿ ಭೂತದ ಚಹರೆಯನ್ನೆಲ್ಲ ವರ್ಣಿಸಿ ಮುಗಿಸಿದ ಮೇಲೆ ಕೊನೆಯ ಸಾಲಿನ ಪ್ರಾಸಪದವಾಗಿ ಬಂತು. ಮಕ್ಕಳು ಹೆಸರುಗಳನ್ನು ಚೆನ್ನಾಗಿ ಕಲಿತದ್ದು ಮೂರನೆಯ ಬಗೆಯಲ್ಲಿ. ತಂದೆತಾಯಿಯರೇ ಓದಿದಾಗ ಅವರಲ್ಲಿ ಹಲವರು ಆ ಪದಕ್ಕೆ ಮುಂಚೆ ಸ್ಪಷ್ಟವಾಗಿ ತಡೆದರು. ಹಾಗೆ ತಡೆದವರ ಮಕ್ಕಳಲ್ಲಿ ಲಾಭ ಇನ್ನೂ ಹೆಚ್ಚಿತ್ತು.

ಇದರಿಂದ ಬರೆಯುವವರಿಗೆ ಸಿಗುವ ನಿಯಮ ಸರಳ: ಮಗು ಕಲಿಯಬೇಕಾದ ಪದ ಎರಡನೆಯ ಪ್ರಾಸದ ಜಾಗದಲ್ಲಿರಬೇಕು, ಅದರ ಸುಳಿವುಗಳು ಅದಕ್ಕಿಂತ ಮೊದಲೇ ಬಂದಿರಬೇಕು. ಪಾಲಿಸುವುದು ಮಾತ್ರ ಕನ್ನಡದಲ್ಲಿ ಅಷ್ಟು ಸರಳವಲ್ಲ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಕ್ರಿಯಾಪದಗಳಿಗೆ ಒಂದೇ ಪ್ರತ್ಯಯ ಹಚ್ಚಿದರೆ ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಅದೇ ಒಂಟೆಯನ್ನು ಹೀಗೂ ಬರೆಯಬಹುದು:

ಒಂಟೆಯ ಕೊರಳಲಿ ಗಂಟೆಯು ಇತ್ತು
ಬೆನ್ನಿನ ಮೇಲ್ಗಡೆ ಗುಡ್ಡವು ಇತ್ತು

ಲಯದಲ್ಲಿ ಕೊರತೆಯಿಲ್ಲ. ಆದರೆ ಊಹಿಸುವುದಕ್ಕೆ ಇಲ್ಲಿ ಏನಿದೆ? ‘ಇತ್ತು’ ಎಂಬ ಪದವನ್ನು ಯಾವ ಮಗುವಿಗೂ ಕಲಿಸಬೇಕಾಗಿಲ್ಲ. ಒಂಟೆ ಮೊದಲ ಪದದಲ್ಲೇ ಬಂದು ಗುಟ್ಟು ರಟ್ಟಾಗಿದೆ. ‘ಬಂದಿತು–ಹೋಯಿತು’, ‘ಓಡಿದನು–ಹಾಡಿದನು’ ಎಂದು ಪುಟಗಟ್ಟಲೆ ಸಾಗುವ ಪುಸ್ತಕಗಳು ಎಷ್ಟೋ ಇವೆ. ಅವುಗಳಲ್ಲಿ ಪ್ರಾಸ ಮಾಡುತ್ತಿರುವುದು ವ್ಯಾಕರಣ, ಕವಿಯಲ್ಲ. ಪರಿಹಾರ ಎರಡು. ಒಂದು, ಕ್ರಿಯಾಪದವನ್ನು ಹಿಂದೆ ಸರಿಸಿ ನಾಮಪದವನ್ನು ಕೊನೆಗೆ ತರುವುದು: ‘ಹೊತ್ತಿದೆ ಒಂಟೆ’. ಪದ್ಯದಲ್ಲಿ ಇದು ಕಿವಿಗೆ ಒರಟಾಗುವುದಿಲ್ಲ. ಇನ್ನೊಂದು, ಕ್ರಿಯಾಪದವನ್ನೇ ಬಿಟ್ಟು ವಿಶೇಷಣ ಮತ್ತು ನಾಮಪದದಲ್ಲೇ ಸಾಲು ಮುಗಿಸುವುದು. ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸ ಹಳೆಯ ಕನ್ನಡ ಕಾವ್ಯದ ಹೆಮ್ಮೆ, ನೆನಪಿಗೂ ಒಳ್ಳೆಯ ಆಸರೆ. ಆದರೆ ಸಾಲಿನ ಆರಂಭದಲ್ಲಿ ಬರುವುದರಿಂದ ಊಹೆಯ ಆಟಕ್ಕೆ ಅದು ಅಷ್ಟಾಗಿ ಒದಗುವುದಿಲ್ಲ.

ಊಹೆ ನಡೆಯಬೇಕಾದರೆ ಪದ ಯಾವ ಕ್ಷಣಕ್ಕೆ ಬೀಳುತ್ತದೆ ಎಂಬುದೂ ಮಗುವಿಗೆ ಮೊದಲೇ ಗೊತ್ತಿರಬೇಕು. ಅದು ಮಾತ್ರೆಗಳ ಕೆಲಸ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರವಿದ್ದ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಬೆನ್ನಲಿ | ಗುಡ್ಡವ | ಹೊತ್ತಿದೆ | ಒಂಟೆ’ ಎಂಬಲ್ಲಿ ಗಣಗಳು 4, 4, 4, 3. ಕೊನೆಯ ಒಂದು ಮಾತ್ರೆ ಉಸಿರಿಗೆ. ‘ಬೆನ್ನಲಿ ಗುಡ್ಡವ’ ಬದಲು ‘ಬೆನ್ನಿನ ಮೇಲೊಂದು’ ಎಂದು ಬರೆದರೆ ಎರಡನೆಯ ಗಣಕ್ಕೆ 5 ಮಾತ್ರೆಯಾಗಿ ಓದುವವರು ಅಲ್ಲಿ ಎಡವುತ್ತಾರೆ. ಬರೆದವರಿಗೆ ಈ ಎಡವು ಕಾಣುವುದಿಲ್ಲ. ಧಾಟಿ ಅವರ ತಲೆಯಲ್ಲಿ ಆಗಲೇ ಇರುವುದರಿಂದ ಗೊತ್ತಿಲ್ಲದೆಯೇ ಅಕ್ಷರಗಳನ್ನು ಎಳೆದೋ ನುಂಗಿಯೋ ಸರಿಹೊಂದಿಸಿಕೊಳ್ಳುತ್ತಾರೆ. ಪದ್ಯವನ್ನು ಹಿಂದೆಂದೂ ನೋಡದವರ ಕೈಗೆ ಕೊಟ್ಟು, ಸಿದ್ಧತೆಯಿಲ್ಲದೆ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಜಾಗಗಳಿಗೆ ಗುರುತು ಹಾಕಿಕೊಳ್ಳಬೇಕು. ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ.

ಲಯಕ್ಕೆ ಕಿವಿ ತೆರೆಯುವುದು ಬಹಳ ಬೇಗ. ಆಂಟನಿ ಡಿಕ್ಯಾಸ್ಪರ್ ಮತ್ತು ಮೆಲಾನಿ ಸ್ಪೆನ್ಸ್ 1986ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಗರ್ಭಿಣಿಯರು ಕೊನೆಯ ಆರು ವಾರ ದಿನಕ್ಕೆ ಎರಡು ಬಾರಿ ಒಂದೇ ಕಥಾಭಾಗವನ್ನು ಗಟ್ಟಿಯಾಗಿ ಓದಿದರು. ಹುಟ್ಟಿದ ಶಿಶುಗಳ ಬಾಯಿಗೆ ಕೃತಕ ಮೊಲೆತೊಟ್ಟು ಕೊಟ್ಟು, ಚೀಪುವ ಗತಿಗೆ ತಕ್ಕಂತೆ ಆ ಭಾಗವೋ ಬೇರೊಂದೋ ಕೇಳಿಬರುವಂತೆ ಮಾಡಿದಾಗ, ಅವು ಆ ಭಾಗವೇ ಕೇಳಿಬರುವಂತೆ ತಮ್ಮ ಚೀಪುವ ಗತಿಯನ್ನು ಬದಲಿಸಿಕೊಂಡವು. ಬೇರೊಬ್ಬ ಹೆಂಗಸಿನ ದನಿಯಲ್ಲಿದ್ದರೂ ಅಷ್ಟೇ. ಗರ್ಭದೊಳಗೆ ವ್ಯಂಜನಗಳು ಮಸುಕಾಗಿ, ಮುಖ್ಯವಾಗಿ ತಲುಪುವುದು ದನಿಯ ಏರಿಳಿತ ಮತ್ತು ಲಯ.

ಇನ್ನು ಪುಟ. ಚಿತ್ರಪುಸ್ತಕ ಹೆಚ್ಚಾಗಿ 32 ಪುಟದ್ದು, ಏಕೆಂದರೆ ದೊಡ್ಡ ಹಾಳೆಗಳನ್ನು ಮಡಿಸಿ ಕತ್ತರಿಸಿದಾಗ ಪುಟಗಳು 8 ಅಥವಾ 16ರ ಲೆಕ್ಕದಲ್ಲಿ ಬರುತ್ತವೆ. ಶೀರ್ಷಿಕೆ ಮುಂತಾದವಕ್ಕೆ ಬಿಟ್ಟು ಕಥೆಗೆ ಉಳಿಯುವುದು ಎದುರುಬದುರು ಪುಟಗಳ 12ರಿಂದ 14 ಜೋಡಿ. ಜೋಡಿಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಪದ ಎಂದರೂ ಇಡೀ ಪುಸ್ತಕ ಸುಮಾರು 200 ಪದ. ಎರಡು ವರ್ಷದ ಒಳಗಿನವರಿಗೆ ಇದೂ ಹೆಚ್ಚು. ಜೋಡಿಗೆ ಎರಡೇ ಸಾಲು ಸಾಕು.

ಪ್ರಾಸದ ಉತ್ತರವನ್ನು ಪುಟ ತಿರುಗಿಸಿದ ಮೇಲೆ ಇಟ್ಟರೆ ತಡೆ ತಾನಾಗಿಯೇ ಬೀಳುತ್ತದೆ. ಆದರೆ ಮೊದಲ ಪ್ರಾಸಪದಕ್ಕೂ ಉತ್ತರಕ್ಕೂ ನಡುವೆ ಒಂದೆರಡು ಸಾಲಿಗಿಂತ ಹೆಚ್ಚು ಅಂತರವಿದ್ದರೆ ‘ಗಂಟೆ’ಯ ಸದ್ದು ಮಗುವಿನ ನೆನಪಿನಿಂದ ಜಾರಿಬಿಡುತ್ತದೆ. ಚಿತ್ರದ ಕೆಲಸ ಇಲ್ಲಿ ಸೂಕ್ಷ್ಮವಾದದ್ದು. ಇಡೀ ಒಂಟೆಯನ್ನು ಎಡಪುಟದಲ್ಲೇ ಬಿಡಿಸಿಬಿಟ್ಟರೆ ಮಗು ಚಿತ್ರದ ಹೆಸರು ಹೇಳುತ್ತದೆ, ಸದ್ದನ್ನು ಹುಡುಕುವುದಿಲ್ಲ. ತೀರಾ ಚಿಕ್ಕವರಿಗೆ ಅದು ಸರಿ. ನಾಲ್ಕು ವರ್ಷದವರಿಗೆ ಮರಳಿನ ದಿಬ್ಬದ ಹಿಂದಿನಿಂದ ಡುಬ್ಬ ಮಾತ್ರ ಇಣುಕಿದರೆ ಸಾಕು. ಅನುವಾದಿತ ಪುಸ್ತಕಗಳು ಸೋಲುವುದೂ ಇಲ್ಲೇ. ಚಿತ್ರ ಬದಲಾಗುವುದಿಲ್ಲ, ಮೂಲದಲ್ಲಿ ಪ್ರಾಸಕ್ಕೆ ಸಿಕ್ಕ ಪ್ರಾಣಿ ಕನ್ನಡದಲ್ಲಿ ಸಿಗುವುದಿಲ್ಲ. ಆಗ ಅದೇ ಚಿತ್ರದಲ್ಲಿರುವ ಬೇರೊಂದು ವಸ್ತುವನ್ನು ಪ್ರಾಸಕ್ಕೆ ಹಿಡಿಯಬೇಕೇ ಹೊರತು ಮೂಲದ ಪದಕ್ಕೆ ಅಂಟಿಕೊಂಡು ‘ಇತ್ತು–ಇತ್ತು’ ಎನ್ನಬಾರದು.

ಪ್ರಾಸ ಕೇಳಿದ ಮಕ್ಕಳು ಮುಂದೆ ಚೆನ್ನಾಗಿ ಓದುತ್ತಾರೆಯೇ? ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಮಾತಿಗೆ ಆಧಾರವಾಗಿ ಕೊಡುವುದುಂಟು. ಪದಗಳನ್ನು ಸದ್ದಿನ ಮೇಲೆ ಗುಂಪು ಮಾಡಲು ಕಲಿತ ಮಕ್ಕಳಿಗೆ ಓದಿನಲ್ಲಿ ಅನುಕೂಲವಾಯಿತು. ಆದರೆ ಎಲ್ಲರಿಗಿಂತ ಮುಂದಿದ್ದವರು ಸದ್ದಿನ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಜೋಡಿಸಿದವರು. ಬಿಡಿ ಧ್ವನಿಗಳ ಅರಿವು ಮತ್ತು ಅಕ್ಷರಜ್ಞಾನ ಓದನ್ನು ಮುನ್ಸೂಚಿಸುವಷ್ಟು ಪ್ರಾಸದ ಅರಿವು ಮುನ್ಸೂಚಿಸುವುದಿಲ್ಲ ಎಂದು ಆಮೇಲಿನ ಕೆಲವು ಅಧ್ಯಯನಗಳು ತೋರಿಸಿವೆ. ಪ್ರಾಸದ ಪುಸ್ತಕವೊಂದೇ ಓದು ಕಲಿಸುತ್ತದೆ ಎನ್ನುವುದು ಉತ್ಪ್ರೇಕ್ಷೆ.

ಕನ್ನಡದಲ್ಲಿ ಒಂದು ಅನುಕೂಲವಿದೆ. ಇಂಗ್ಲಿಷ್‌ನಲ್ಲಿ ಪ್ರಾಸವಾಗುವ ಪದಗಳ ಕಾಗುಣಿತ ಎಷ್ಟೋ ಸಲ ಬೇರೆಬೇರೆ. ಇಲ್ಲಿ ಕಿವಿಗೆ ಕೇಳಿದ್ದೇ ಕಣ್ಣಿಗೂ ಕಾಣುತ್ತದೆ: ಒಂಟೆ, ಗಂಟೆ ಎರಡರಲ್ಲೂ ಸೊನ್ನೆ, ಎರಡರಲ್ಲೂ ‘ಟೆ’. ಪ್ರಾಸದ ಪದ ಬಂದಾಗ ಆ ‘ಟೆ’ಯ ಮೇಲೆ ಬೆರಳಿಟ್ಟರೆ ಸದ್ದೂ ಅಕ್ಷರವೂ ಒಟ್ಟಿಗೆ ಸಿಗುತ್ತವೆ.

ಅದೇ ಪುಸ್ತಕ ಮತ್ತೆ ಬೇಕೆಂದು ಮಗು ಹಟ ಹಿಡಿದರೆ ಬೇಸರಿಸಬೇಕಾಗಿಲ್ಲ. ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಕಂಡಂತೆ, ಹೊಸ ಪದ ಅಷ್ಟೇ ಸಲ ಕಿವಿಗೆ ಬಿದ್ದರೂ, ಬೇರೆಬೇರೆ ಕಥೆ ಕೇಳಿದ ಮೂರು ವರ್ಷದವರಿಗಿಂತ ಒಂದೇ ಕಥೆಯನ್ನು ಮರುಮರಳಿ ಕೇಳಿದವರು ಹೆಚ್ಚು ಕಲಿತರು. ಮೊದಲ ಓದಿನಲ್ಲಿ ತಡೆಯದೆ ಪೂರ್ತಿ ಓದಿ, ಲಯ ಕೂರಲಿ. ಎರಡನೆಯದರಿಂದ ತಡೆಯಲು ಶುರುಮಾಡಿ. ತಡೆ ಒಂದೆರಡು ಸೆಕೆಂಡು ಮಾತ್ರ. ಉತ್ತರ ಬರದಿದ್ದರೆ ನೀವೇ ಹೇಳಿ ಮುಂದೆ ಹೋಗಿ, ಇಲ್ಲವಾದರೆ ಓದು ಪರೀಕ್ಷೆಯಾಗುತ್ತದೆ. ಮಗು ‘ಆಮೆ’ ಎಂದರೆ ಅರ್ಥದ ಸುಳಿವು ಹಿಡಿದಿದೆ, ಸದ್ದಿನದು ತಪ್ಪಿದೆ. ಮೊದಲ ಸಾಲನ್ನು ಇನ್ನೊಮ್ಮೆ ಹೇಳಿದರಾಯಿತು.

ಪುಸ್ತಕ ಮುಚ್ಚಿದ ಮೇಲೆ ‘ಗುಂಪಿಗೆ ಸೇರದ ಪದ ಯಾವುದು’ ಆಟ ಆಡಬಹುದು. ಒಂಟೆ, ಗಂಟೆ, ಕುದುರೆ ಎಂದು ಕೇಳಿದರೆ ಅನೇಕ ಮಕ್ಕಳು ಗಂಟೆಯನ್ನು ಹೊರಗೆ ಹಾಕುತ್ತಾರೆ, ಅದು ಪ್ರಾಣಿಯಲ್ಲವಲ್ಲ! ಮಗುವಿನ ತರ್ಕ ಸರಿಯಾಗಿಯೇ ಇದೆ, ಪದಗಳ ಆಯ್ಕೆ ತಪ್ಪಿದೆ. ಒಂಟೆ, ಗಂಟೆ, ಚಾಪೆ ಎಂದು ಅರ್ಥದ ನಂಟಿಲ್ಲದ ಮೂರನ್ನು, ಚಿತ್ರ ತೋರಿಸದೆ, ಬಾಯಲ್ಲೇ ಹೇಳಿ ಕೇಳಬೇಕು.