ಕಾರ್ಡ್-ಮೆಲೊಡಿ: ಟ್ಯೂನಿಗೆ ಜೋತುಬಿದ್ದ ಕಾರ್ಡ್‌ಗಳು

ರೇಷನ್ ಕಾರ್ಡಿನ ಕಾರ್ಡ್ ಅಲ್ಲ ಇದು. ಸ, ಗ, ಪ ಮೂರನ್ನೂ ಒಂದೇ ಏಟಿಗೆ ಬಾರಿಸಿ ನೋಡಿ. ಗ ಮಾತ್ರ ಅಂತರ ಗಾಂಧಾರವೇ ಆಗಿರಬೇಕು. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪೇ ಕಾರ್ಡ್, ಇದು ಮೇಜರ್ ಕಾರ್ಡ್. ಇನ್ನು ಮೆಲೊಡಿ ಅಂದರೆ ಹಾಡಿನ ಟ್ಯೂನ್, ನಾವು ಪಾತ್ರೆ ತೊಳೆಯುವಾಗ ಗುನುಗಿಕೊಳ್ಳುವ ಭಾಗ.

ಸಾಮಾನ್ಯವಾಗಿ ಇವೆರಡು ಬೇರೆ ಬೇರೆಯವರ ಕೆಲಸ. ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಗಿಟಾರಿನಲ್ಲಿ ಕಾರ್ಡ್ ಹಿಡಿದು ಜರ್ ಜರ್ ಅನ್ನಿಸುತ್ತಾರೆ. ಹಾಡುವವರೇ ಇಲ್ಲದೆ, ಒಂದೇ ಗಿಟಾರಿನಲ್ಲಿ ಎರಡನ್ನೂ ನುಡಿಸುವುದಕ್ಕೆ ಕಾರ್ಡ್-ಮೆಲೊಡಿ ಅಂತ ಹೆಸರು. 1920 ಮತ್ತು 30ರ ದಶಕದ ಅಮೆರಿಕದ ಜಾಝ್ ಗಿಟಾರ್ ವಾದಕರು ಇದಕ್ಕೆ ಒಂದು ರೂಪ ಕೊಟ್ಟರು.

ಹೆಸರು ಕೇಳಿದ ಕೂಡಲೇ ಕಾರ್ಡ್ ಒಂದು, ಮೆಲೊಡಿ ಒಂದು, ಎರಡನ್ನೂ ಜೋಡಿಸಬೇಕು ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಟ್ಯೂನ್ ನುಡಿಸುವುದು, ಸ್ವಲ್ಪ ಜಾಗ ಸಿಕ್ಕಿದಾಗ ಮಧ್ಯೆ ಒಂದು ಕಾರ್ಡ್ ತುರುಕುವುದು. ಇಬ್ಬರು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಕೇಳಿಸುತ್ತಿತ್ತು. ನಿಜವಾಗಿ ಇಲ್ಲಿ ಎರಡು ಕೆಲಸವೇ ಇಲ್ಲ. ಪ್ರತಿ ಕಾರ್ಡಿನ ಅತಿ ಮೇಲಿನ ಸ್ವರವೇ ಟ್ಯೂನಿನ ಸ್ವರ. ಟ್ಯೂನ್ ಮೇಲಿರುತ್ತದೆ, ಉಳಿದ ಸ್ವರಗಳು ಅದರ ಕೆಳಗೆ ಜೋತಾಡುತ್ತವೆ. 'ಮೇಲೆ' ಅಂದದ್ದು ಶ್ರುತಿಯ ಲೆಕ್ಕದಲ್ಲಿ. ಗಿಟಾರ್ ಹಿಡಿದಾಗ ಆ ತೆಳು ತಂತಿ, ಅಂದರೆ ಒಂದನೇ ತಂತಿ, ನೆಲದ ಕಡೆಗಿರುತ್ತದೆ. ಹೊಸಬರಿಗೆ ಗೊಂದಲ ಆಗುವುದು ಸಹಜ.

ಕೈಯಲ್ಲಿ ಗಿಟಾರ್ ಇದ್ದರೆ ಈಗಲೇ ನೋಡಿಬಿಡಿ. ಸಿ ಸ್ವರವನ್ನು ಸ ಅಂತ ಇಟ್ಟುಕೊಳ್ಳಿ. ಟ್ಯೂನ್ ತುಂಬಾ ಸರಳ: ಪ, ದ, ನಿ, ಮೇಲಿನ ಸ. ಉಂಗುರ ಬೆರಳನ್ನು 5ನೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್) ನಾಲ್ಕು, ಮೂರು, ಎರಡನೇ ತಂತಿಗಳ ಮೇಲೆ ಅಡ್ಡ ಮಲಗಿಸಿ. ತೋರುಬೆರಳಿನಿಂದ ಒಂದನೇ ತಂತಿಯ 3ನೇ ಫ್ರೆಟ್ ಒತ್ತಿ. ಕೆಳಗಿನಿಂದ ಪ, ಸ, ಗ, ಪ. ಟ್ಯೂನಿನ ಮೊದಲ ಸ್ವರ ಬಂತು. ಈಗ ಅದೇ ಉಂಗುರ ಬೆರಳನ್ನು ಚೂರು ಚಾಚಿ ಒಂದನೇ ತಂತಿಯನ್ನೂ 5ನೇ ಫ್ರೆಟ್‌ನಲ್ಲೇ ಒತ್ತಿ. ತುದಿಯ ಪ ಹೋಗಿ ದ ಬಂತು, ಕೆಳಗಿನ ಮೂರೂ ಇದ್ದಲ್ಲೇ ಇವೆ. ಸ, ಗ, ಪ ಜೊತೆ ದ ಸೇರಿದ ಈ ಕಾರ್ಡಿಗೆ ಸಿಕ್ಸ್ತ್ ಅನ್ನುತ್ತಾರೆ. ಹಳೇ ಜಾಝ್‌ನ ಆ ಬೆಚ್ಚನೆಯ ಸದ್ದು ಬಹುಪಾಲು ಇದರದ್ದೇ. ಮುಂದೆ ನಿ. ನಾಲ್ಕನೇ ತಂತಿ 5, ಮೂರನೇದು 7, ಎರಡನೇದು 6, ಒಂದನೇದು 7. ನಾಲ್ಕೂ ಬೆರಳು ಬೇಕು. ಪ, ರಿ, ಮ, ನಿ ಸೇರಿದ ಇದು ಜಿ ಸೆವೆಂತ್. ಸುಮ್ನೆ ನಿಲ್ಲುವ ಕಾರ್ಡ್ ಅಲ್ಲ, ಎಲ್ಲಿಗೋ ಹೋಗಬೇಕು ಅಂತ ಚಡಪಡಿಸುತ್ತದೆ. ನಾಲ್ಕನೇ ತಂತಿ 10, ಮೂರನೇದು 9, ಎರಡನೇದು ಮತ್ತು ಒಂದನೇದು 8 ಒತ್ತಿದರೆ ಸ, ಗ, ಪ, ಸ. ಮನೆ ಸೇರಿತು.

ಬಲಗೈ ವಿಷಯವೂ ಇದೆ. ಹಳಬರು ಹೆಚ್ಚಾಗಿ ಬೆರಳಿನಿಂದ ಮೀಟದೆ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಹಿಡಿಯುತ್ತಿದ್ದರು. ಪಿಕ್ ಕೆಳಗೆ ಸವರಿದಾಗ ಕೊನೆಗೆ ತಾಗುವುದು ಒಂದನೇ ತಂತಿಗೆ. ಹಾಗಾಗಿ ಟ್ಯೂನ್ ಕೊನೆಯಲ್ಲಿ ಬಂದು ಕಿವಿಯಲ್ಲಿ ಉಳಿಯುತ್ತದೆ. ಆದರೆ ಪಿಕ್ ಮಧ್ಯದ ಯಾವ ತಂತಿಯನ್ನೂ ಹಾರಿಸಿ ಹೋಗಲ್ಲ. ಬೇಡದ ತಂತಿ ಮಧ್ಯೆ ಇದ್ದರೆ ಪಕ್ಕದ ಬೆರಳಿನ ಮೈಯಿಂದಲೇ ಅದರ ಬಾಯಿ ಮುಚ್ಚಿಸಬೇಕು. ನನಗೆ ಕಾರ್ಡ್ ಕಲಿಯುವುದಕ್ಕಿಂತ ಇದಕ್ಕೇ ಜಾಸ್ತಿ ದಿನ ಹಿಡಿಯಿತು.

ಈ ಪಿಕ್ ಶೈಲಿಯಲ್ಲಿ ಬ್ಯಾಂಜೊದ, ಅಂದರೆ ದುಂಡು ಚೌಕಟ್ಟಿಗೆ ತೊಗಲು ಬಿಗಿದ ತಂತಿವಾದ್ಯದ, ನೆನಪಿದೆ. ಮೈಕ್ ಇಲ್ಲದ ಕಾಲದಲ್ಲಿ ಬ್ಯಾಂಡಿನ ಗದ್ದಲದ ನಡುವೆ ಬ್ಯಾಂಜೊ ಕೇಳಿಸುತ್ತಿತ್ತು, ಗಿಟಾರ್ ಮುಳುಗಿಹೋಗುತ್ತಿತ್ತು. 1925ರಲ್ಲಿ ಮೈಕ್ ಬಳಸಿ ರೆಕಾರ್ಡ್ ಮಾಡುವುದು ಶುರುವಾಯಿತು. ವಯೊಲಿನ್‌ನಂತೆ ಎದೆ ಉಬ್ಬಿದ, ಎಫ್ ಆಕಾರದ ಸೀಳುಗಳಿದ್ದ ಗಿಬ್ಸನ್ ಎಲ್-5 ಥರದ ಗಿಟಾರ್‌ಗಳೂ ಬಂದವು. ಬ್ಯಾಂಜೊದವರು ಒಬ್ಬೊಬ್ಬರಾಗಿ ಗಿಟಾರಿಗೆ ಬಂದರು. ಫಿಲಡೆಲ್ಫಿಯಾದ ಎಡಿ ಲ್ಯಾಂಗ್ ಮೊದಲು ವಯೊಲಿನ್ ಕಲಿತವರು, ಬ್ಯಾಂಜೊವನ್ನೂ ನುಡಿಸಿದವರು. 1932ರಲ್ಲಿ ಅವರೂ ಕಾರ್ಲ್ ಕ್ರೆಸ್ ಕೂಡ ಎರಡೇ ಗಿಟಾರ್ ಇಟ್ಟುಕೊಂಡು ರೆಕಾರ್ಡ್ ಮಾಡಿದರು. ಮರುವರ್ಷವೇ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಲ್ಯಾಂಗ್ ತೀರಿಕೊಂಡರು. ವಯಸ್ಸು ಬರೀ 30. ಆಮೇಲೆ ಕ್ರೆಸ್ ಜೊತೆ ಕೂತವರು ಡಿಕ್ ಮ್ಯಾಕ್‌ಡೊನೊ.

ಹಳೇ ರೆಕಾರ್ಡ್ ಕೇಳಿ ಕಲಿಯಲು ಹೊರಟವರು ಕ್ರೆಸ್ ಹತ್ತಿರ ಬಂದಾಗ ಎಡವುತ್ತಾರೆ. ಎಷ್ಟು ಹುಡುಕಿದರೂ ಆ ಮಂದ್ರ ಸ್ವರ ಬೆರಳಿಗೆ ಸಿಗಲ್ಲ. ತಪ್ಪು ನಿಮ್ಮದಲ್ಲ. ಕ್ರೆಸ್ ದಪ್ಪ ತಂತಿಗಳನ್ನು ಬ್ಯಾಂಜೊದ ಹಾಗೆ ಸ-ಪ ಅಂತರದಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದರು. ನಮ್ಮ ಮಾಮೂಲಿ ಶ್ರುತಿಯ ಗಿಟಾರಿನಲ್ಲಿ ಕೆಲವು ಕಾರ್ಡ್‌ಗಳನ್ನು ಅವರ ಹಾಗೆ ಹಿಡಿಯಲು ಆಗುವುದೇ ಇಲ್ಲ. ಹತ್ತಿರದ್ದೊಂದನ್ನು ಹುಡುಕಿಕೊಳ್ಳಬೇಕು. ಟ್ಯೂನಿನ ಸ್ವರ ಬಿಟ್ಟುಕೊಡದಿದ್ದರೆ ಆಯಿತು.

1939ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿದರು. ಸ್ಯಾಕ್ಸೊಫೋನ್ ಥರ ಒಂದೊಂದೇ ಸ್ವರ ಎತ್ತಿ ಸೋಲೊ ನುಡಿಸಿದರು. ಎಲ್ಲರ ಕಿವಿಯೂ ಆ ಕಡೆ ತಿರುಗಿತು. ಗಿಟಾರ್ ವಾದಕ ಜಾರ್ಜ್ ವ್ಯಾನ್ ಎಪ್ಸ್ ಮಾತ್ರ ಕಾರ್ಡ್ ಬಿಡಲಿಲ್ಲ. ಇವರ ಅಪ್ಪ ಫ್ರೆಡ್ ಕೂಡ ಹೆಸರಾಂತ ಬ್ಯಾಂಜೊ ವಾದಕರು. ಟ್ಯೂನ್, ಕಾರ್ಡ್ ಎರಡರ ಜೊತೆಗೆ ಮಂದ್ರದಲ್ಲಿ ಇನ್ನೊಂದು ಸಾಲು ನಡೆಸಲು ಆರು ತಂತಿ ಸಾಲದು ಅಂತ ಇವರು ಏಳನೆಯದನ್ನು ಹಾಕಿಸಿಕೊಂಡರು. ಹೀಗೆ ನುಡಿಸುವುದನ್ನು ಅವರು 'ಮಡಿಲ ಪಿಯಾನೊ' ಅನ್ನುತ್ತಿದ್ದರು.