ಅಲಾಯ್ ಸೀಳಿತು ಅನ್ನುವ ಮೊದಲು ಇಂಚು ನೋಡಿ

"ಅಲಾಯ್ ಹಾಕಿಸಿದ್ದೇ ತಪ್ಪಾಯ್ತು ಸಾರ್" ಎಂದು ಬರುವವರ ಕಾರಿನಲ್ಲಿ ನಾನು ಮೊದಲು ನೋಡುವುದು ಟೈರಿನ ಪಕ್ಕೆಯನ್ನು. ರಿಮ್ಮಿನ ಮಾತು ಆಮೇಲೆ. ಕಾರು ಕಾರ್ಖಾನೆಯಿಂದ ಬಂದಾಗ 15 ಇಂಚಿನ ಸ್ಟೀಲ್ ವೀಲ್ ಇತ್ತು, ಈಗ 17 ಇಂಚಿನ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ, ಕೂತಿದೆ. ಲೋಹವನ್ನಷ್ಟೇ ಬದಲಿಸಿದೆವು ಎಂದು ಅವರು ನಂಬಿರುತ್ತಾರೆ. ಅಳತೆಯೂ ಬದಲಾಗಿದೆ ಎಂದರೆ "ಚೂರು ದೊಡ್ಡದು ಅಷ್ಟೇ" ಅನ್ನುತ್ತಾರೆ.

ಆ ಚೂರಿನ ಲೆಕ್ಕ ಮಾಡೋಣ. 185/65 ಆರ್ 15 ಟೈರಿನ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 65. ಅಂದರೆ ಸುಮಾರು 120 ಮಿ.ಮೀ. ರಿಮ್ಮಿಗೂ ನೆಲಕ್ಕೂ ನಡುವೆ ಇರುವ ಗಾಳಿಯ ಮೆತ್ತೆ ಅದು. ರಿಮ್ಮು ದೊಡ್ಡದಾದರೂ ಚಕ್ರದ ಒಟ್ಟು ವ್ಯಾಸ ಹೆಚ್ಚುಕಮ್ಮಿ ಮೊದಲಿನಷ್ಟೇ ಇರಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಹಾಗಾಗಿ 205/45 ಆರ್ 17 ಹಾಕುತ್ತಾರೆ. ಅದರ ಪಕ್ಕೆ ಬರೀ 92 ಮಿ.ಮೀ. ಮೂರು ಸೆಂಟಿಮೀಟರಿನಷ್ಟು ಮೆತ್ತೆ ಹೋಯಿತು. ಮೊದಲು ಗುಂಡಿಯ ಅಂಚಿನ ಪೆಟ್ಟನ್ನು ಟೈರು ನುಂಗಿಕೊಳ್ಳುತ್ತಿತ್ತು. ಈಗ ಟೈರು ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿ ಪೆಟ್ಟು ನೇರ ಲೋಹಕ್ಕೆ ಬೀಳುತ್ತದೆ. ಅಂಥ ಪೆಟ್ಟಿಗೆ ಸ್ಟೀಲ್ ಡೊಂಕಾಗುತ್ತದೆ, ಎರಕದ ಅಲಾಯ್ ಸೀಳಬಹುದು. ಆದರೆ ಪೆಟ್ಟು ಅಲ್ಲಿಗೆ ತಲುಪುವಂತೆ ದಾರಿ ಮಾಡಿಕೊಟ್ಟದ್ದು ಇಂಚು.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ. ವಾರಕ್ಕೊಮ್ಮೆ ಒಂದೇ ಚಕ್ರದ ಗಾಳಿ ಇಳಿಯುತ್ತಿತ್ತು. ಮೂರು ಕಡೆ ಪಂಕ್ಚರ್ ಹುಡುಕಿಸಿದ್ದನಂತೆ. ಚಕ್ರ ಬಿಚ್ಚಿ ನೀರಿನ ತೊಟ್ಟಿಗೆ ಇಳಿಸಿದೆ. ಗುಳ್ಳೆ ಬಂದದ್ದು ಕಾರಿನ ಹೊಟ್ಟೆಯ ಕಡೆಗಿರುವ ಒಳಅಂಚಿನಿಂದ. ಕೂದಲೆಳೆಯಂಥ ಸೀಳು, ಹೊರಗೆ ನಿಂತು ನೋಡಿದರೆ ಚಕ್ರ ಹೊಸದರಂತೆ ಹೊಳೆಯುತ್ತಿತ್ತು. "ವೆಲ್ಡಿಂಗ್ ಮಾಡಿಕೊಡಿ" ಎಂದ. ನಾನು ಮಾಡಲಿಲ್ಲ. ಈ ಚಕ್ರಗಳಿಗೆ ಬಲ ಬರುವುದರಲ್ಲಿ ಎರಕದ ನಂತರದ ಶಾಖಸಂಸ್ಕಾರದ (ಕಾಯಿಸಿ, ತಣಿಸಿ ಗಟ್ಟಿ ಮಾಡುವುದರ) ಪಾಲು ದೊಡ್ಡದು. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಲೋಹ ಆ ಬಲ ಕಳೆದುಕೊಳ್ಳುತ್ತದೆ. ಕೆಲವರು ಮಾಡಿಸಿಕೊಂಡು ಓಡಿಸುತ್ತಿರಬಹುದು. ಹೆದ್ದಾರಿಯ ವೇಗದಲ್ಲಿ ಅದು ತಡೆಯುತ್ತದೆ ಎಂದು ನಾನಂತೂ ಮಾತು ಕೊಡಲಾರೆ.

ಇನ್ನೊಂದು ನಂಬಿಕೆ, ಅಲಾಯ್ ಅಂದರೆ ಹಗುರ, ಮೈಲೇಜ್ ಬರುತ್ತದೆ ಎಂಬುದು. ಫೋರ್ಜ್ ಮಾಡಿದ, ಅಂದರೆ ಲೋಹವನ್ನು ಭಾರೀ ಒತ್ತಡದಲ್ಲಿ ಅದುಮಿ ಮಾಡಿದ ಚಕ್ರ ನಿಜಕ್ಕೂ ಹಗುರ. ಮಾರಾಟವಾಗುವ ಬಹುಪಾಲು ಎರಕದ್ದು. ಎರಡು ಇಂಚು ದೊಡ್ಡದಾದ ಎರಕದ ಚಕ್ರ ಹಳೆಯ ಸ್ಟೀಲಿಗಿಂತ ಭಾರವೂ ಇರಬಹುದು. ಸಾಲದ್ದಕ್ಕೆ ರಿಮ್ಮಿನ ತೂಕ ನಡುವಿನಿಂದ ಇನ್ನಷ್ಟು ದೂರ ಸರಿದಿರುತ್ತದೆ, ತಿರುಗಿಸಲು ಎಂಜಿನ್ ಹೆಚ್ಚು ದುಡಿಯಬೇಕು. ಅಂಗಡಿಯಲ್ಲಿ ಎರಡನ್ನೂ ತಕ್ಕಡಿಗೆ ಇಡಿಸಿ. ದಯವಿಟ್ಟು ಇಡಿಸಿ.

ನಾನು ಅಲಾಯ್ ವಿರೋಧಿಯಲ್ಲ. ಕಾರಿನ ಮೂಲ ಅಳತೆಯಲ್ಲೇ, ತಯಾರಕರು ಹೇಳಿದ ಆಫ್‌ಸೆಟ್‌ನಲ್ಲಿ (ಕಾರಿಗೆ ಬಿಗಿಯುವ ಮುಖ ಚಕ್ರದ ಅಗಲದ ನಡುಗೆರೆಯಿಂದ ಎಷ್ಟು ದೂರ ಎಂಬ ಅಳತೆ), ಕಾರಿನ ಭಾರ ಹೊರುವ ಒಳ್ಳೆಯ ಚಕ್ರ ಸಿಕ್ಕರೆ ಸಂತೋಷವಾಗಿ ಹಾಕಿಕೊಡುತ್ತೇನೆ. ನಟ್ಟಿನದೊಂದು ಎಚ್ಚರ: ಸ್ಟೀಲ್ ಚಕ್ರದ ನಟ್ಟು ಅಲಾಯ್‌ಗೂ ಕೂರುತ್ತದೆ ಎಂದು ಭಾವಿಸಬೇಡಿ. ಕೂರುವ ಜಾಗದ ಆಕಾರ ಬೇರೆ ಇದ್ದರೆ ಬಿಗಿ ಮಾಡಿದ್ದೂ ಸಡಿಲಾಗುತ್ತದೆ. ಸ್ಟೆಪ್ನಿ ಸ್ಟೀಲಿನದೇ ಆಗಿದ್ದರೆ ಅದರ ನಟ್ಟುಗಳೂ ಡಿಕ್ಕಿಯಲ್ಲಿರಲಿ. ಹೊಸ ಚಕ್ರ ಹಾಕಿಸಿ 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ (ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಮತ್ತೊಮ್ಮೆ ಬಿಗಿ ನೋಡಿಸಿ.

ಆ ಹುಡುಗನ ಹಳೆಯ ಸ್ಟೀಲ್ ಚಕ್ರಗಳು, ಟೈರಿನ ಸಮೇತ, ಮನೆಯಲ್ಲೇ ಇದ್ದವು. ಅವನ ತಂದೆ ಎಸೆಯಲು ಬಿಟ್ಟಿರಲಿಲ್ಲ. ಅಂದು ಸಂಜೆ ಇಬ್ಬರೂ ಹೊತ್ತು ತಂದರು. ಹಾಕಿಕೊಟ್ಟೆ. ಎರಡು ತಿಂಗಳಾದ ಮೇಲೆ ಹುಡುಗ ಫೋನ್ ಮಾಡಿ 15 ಇಂಚಿನಲ್ಲಿ ಚೆಂದದ ಅಲಾಯ್ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದೆ.